ಹಸಿರು ಅಕ್ಷರ

ನನ್ನ ಕನ್ನಡ ಅಕ್ಷರ ದೊಡ್ಡದು. ನೀವು ಊಹಿಸಿಕೊಂಡಿದ್ದಕ್ಕಿಂತ ದೊಡ್ಡದು. ಹಿಂದೆ ಇನ್‌ಲೆಂಡ್ ಲೆಟರ್ ಬರೆಯಲು ಕುಳಿತರೆ ‘ಇಲ್ಲಿ ನಾವೆಲ್ಲ ಕ್ಷೇಮ’ ಎನ್ನುವಷ್ಟರಲ್ಲಿ ಒಂದು ಮಗ್ಗುಲು ತುಂಬಿಹೋಗುತ್ತಿತ್ತು. ಅಲ್ಲಿಯವರ ಕ್ಷೇಮ ಕೇಳುವುದಕ್ಕೆ ಮಡಿಸುವ ಅಂಚಿನಲ್ಲಿ ಜಾಗ ಹುಡುಕಬೇಕಾಗುತ್ತಿತ್ತು. ನಮ್ಮ ಸಂಬಂಧಿಕರೊಬ್ಬರು ಒಮ್ಮೆ ನನ್ನ ಕಾಗದವನ್ನು ತೋಳಿನಷ್ಟು ದೂರ ಹಿಡಿದು, “ಏನಮ್ಮಾ, ಅಂಗಡಿ ಬೋರ್ಡ್ ಬರೆಯೋರ ಹತ್ರ ಪಾಠ ಹೇಳಿಸ್ಕೊಂಡ್ಯಾ?” ಎಂದು ಕೇಳಿದ್ದರು. ಇಂಗ್ಲಿಷ್, ತಮಿಳು ನನ್ನ ಕೈಯಲ್ಲಿ ಇರುವೆ ಸಾಲಿನ ಹಾಗೆ ಸಣ್ಣಗೆ, ಸಾಲಾಗಿ ಬರುತ್ತವೆ. ಕನ್ನಡ ಮಾತ್ರ ಆನೆ. ಮೊನ್ನೆ ಸಾಮಾನಿನ ಚೀಟಿ ಬರೆಯುವಾಗ ‘ತೊಗರಿಬೇಳೆ’ ಎರಡು ಸಾಲು ಹಿಡಿಯಿತು. ಉದ್ದಿನಬೇಳೆಯನ್ನು ಬರೆಯದೆ ಪೆನ್ನು ಕೆಳಗಿಟ್ಟೆ.

ಈ ಆನೆಗಳು ನನಗೆ ಜೊತೆಯಾದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಮದ್ರಾಸಿನ ಕೀಲ್ಪಾಕಿನಲ್ಲಿ, ನಮ್ಮ ಮನೆಯ ಕಂಪ್ಯೂಟರ್ ಕೆಟ್ಟುಹೋದ ಬೇಸಿಗೆಯಲ್ಲಿ. ಆಗ ನನಗೆ ಮೂವತ್ತರ ಹತ್ತಿರ ವಯಸ್ಸು. ಅಲ್ಲಿಯತನಕ ಕನ್ನಡದ ಮನೆಯಲ್ಲೇ ಉಂಡು ಬೆಳೆದಿದ್ದರೂ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ.

ಅಪ್ಪನದು ರೈಲ್ವೆ ಕೆಲಸ. ಮೈಸೂರಿನಿಂದ ಮದ್ರಾಸಿಗೆ ವರ್ಗವಾಗಿ ಬಂದಾಗ ಅಣ್ಣ ರಘು ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ್ದ. ನಾನು ಇನ್ನೂ ಕೈಗೂಸು. ಅಣ್ಣನ ಅಕ್ಷರ ಅವನ ಜೊತೆ ರೈಲು ಹತ್ತಿ ಬಂತು. ನನಗೆ ಇಲ್ಲಿಯ ಶಾಲೆ, ಇಲ್ಲಿಯ ಅಕ್ಷರ. ಅಮ್ಮ ಅಡುಗೆಮನೆಯಿಂದ “ಊಟಕ್ಕೆ ಬಾರೇ ವಿಜಿ” ಎಂದು ಕೂಗಿದರೆ ನಾನು “ಇರುಮ್ಮಾ, ವರೇನ್” ಎನ್ನುತ್ತಿದ್ದೆ. ಅವಳು ಕನ್ನಡದಲ್ಲಿ ಬೈಯುತ್ತಿದ್ದಳು, ನಾನು ತಮಿಳಿನಲ್ಲಿ ಎದುರು ಮಾತಾಡುತ್ತಿದ್ದೆ. ಎರಡು ಭಾಷೆಯಲ್ಲಿ ಜಗಳವಾಡಿದರೆ ಒಂದು ಅನುಕೂಲವುಂಟು. ಯಾರು ಗೆದ್ದರೆಂದು ಕೊನೆಗೂ ಗೊತ್ತಾಗುವುದಿಲ್ಲ.

ಅಮ್ಮ ಓದುವ ಹೆಂಗಸು. ಹೀಗೆಂದರೆ ಏನೋ ದೊಡ್ಡ ದೊಡ್ಡ ಗ್ರಂಥಗಳನ್ನು ಓದುತ್ತಿದ್ದಳು ಎಂದುಕೊಳ್ಳಬೇಡಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದಳು. ಮದ್ರಾಸಿನಲ್ಲಿ ಕಣ್ಣಿಗೆ ಬೀಳುವ ಕನ್ನಡ ಎಷ್ಟು? ಕನ್ನಡ ಸಂಘದ ಲೈಬ್ರರಿಯಿಂದ ಅಣ್ಣ ತರುತ್ತಿದ್ದ ವಾರಪತ್ರಿಕೆಗಳು, ಪಂಚಾಂಗ, ಊರಿನಿಂದ ಬರುವ ಕಾಗದ, ಅಷ್ಟೆ. ಒಂದು ಸಲ ಹುಣಸೆಹಣ್ಣು ಕಟ್ಟಿ ಕೊಟ್ಟಿದ್ದ ಪೊಟ್ಟಣ ಅದು ಹೇಗೋ ಕನ್ನಡ ಪತ್ರಿಕೆಯದಾಗಿತ್ತು. ಅಮ್ಮ ಹಣ್ಣನ್ನು ಡಬ್ಬಿಗೆ ಸುರಿದು, ಅಂಟಂಟಾದ ಕಾಗದವನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದಳು. ಒಲೆಯ ಮೇಲೆ ಸಾರು ಸೀದು ಮನೆಯೆಲ್ಲ ಹೊಗೆಯಾಯಿತು. ಅಪ್ಪ ಓಡಿಬಂದು “ಏನಾಯ್ತೇ?” ಎಂದರೆ, “ಗೊತ್ತಿಲ್ಲ ಕಣ್ರೀ, ಮುಂದಿನ ತುಂಡು ಇನ್ಯಾರದೋ ಮನೆಗೆ ಹೋಗಿದೆ” ಎಂದಳಂತೆ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಅಮ್ಮನ ಕಣ್ಣಿಗೆ ಕಾಯಿಲೆ ಬಂತು. ಅದು ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಕಣ್ಣಿನ ಹಿಂಭಾಗದ್ದು, ನೋಟದ ನಡುವನ್ನೇ ತಿನ್ನುವಂಥದ್ದು. ಸುತ್ತಲಿನ ಗೋಡೆ, ಬಾಗಿಲು, ಪಾತ್ರೆ ಪಡಗ ಎಲ್ಲ ಕಾಣುತ್ತಿತ್ತು. ಯಾವುದನ್ನು ನೋಡಬೇಕೆಂದು ದೃಷ್ಟಿ ನೆಡುತ್ತಾಳೋ ಅದೇ ಮಾಯ. ಎದುರಿಗೆ ಕುಳಿತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಅವಳು ಏನನ್ನಾದರೂ ನೋಡಬೇಕಾದರೆ ತಲೆಯನ್ನು ಕೋಳಿಯ ಹಾಗೆ ಒಂದು ಪಕ್ಕಕ್ಕೆ ತಿರುಗಿಸಿ, ಓರೆಗಣ್ಣಿನಲ್ಲಿ ಹಿಡಿಯುತ್ತಿದ್ದಳು. ಡಾಕ್ಟರು ಅಣ್ಣನನ್ನು ಹೊರಗೆ ಕರೆದು, ಓಡಾಡುವಷ್ಟು ದೃಷ್ಟಿ ಉಳಿಯುತ್ತದೆ, ಓದುವ ದೃಷ್ಟಿ ಉಳಿಯುವುದಿಲ್ಲ, ಒಂದು ವರ್ಷ ಎಂದಿಟ್ಟುಕೊಳ್ಳಿ, ಮುಂಚೆಯೂ ಹೋಗಬಹುದು ಎಂದರು. ಅಣ್ಣ ಅದನ್ನು ನನಗೆ ಹೇಳಿದ. ಅಮ್ಮನಿಗೆ ಹೇಳುವ ಅಗತ್ಯವೇ ಬೀಳಲಿಲ್ಲ.

ಭೂತಗನ್ನಡಿಯಲ್ಲಿ ಕೆಲವು ತಿಂಗಳು ನಡೆಯಿತು, ಆಮೇಲೆ ಅದರಿಂದಲೂ ಆಗದಾಯಿತು. ಓದಿ ಹೇಳುತ್ತೇನೆಂದು ಅಣ್ಣ ಕುಳಿತರೆ ಅಮ್ಮ ಒಪ್ಪುತ್ತಿರಲಿಲ್ಲ. “ನೀನು ಓದಿದ್ರೆ ಅದು ನೀನು ಓದಿದ ಹಾಗೆ ಕೇಳುತ್ತೆ ಕಣೋ. ನಾನು ಓದಿದ ಹಾಗಲ್ಲ” ಎನ್ನುತ್ತಿದ್ದಳು.

ಅಣ್ಣ ಇನ್ಶೂರೆನ್ಸ್ ಆಫೀಸಿನಲ್ಲಿದ್ದ. ಅಲ್ಲಿಗೆ ಕಂಪ್ಯೂಟರ್ ಬಂದಾಗ ಅದರ ಹತ್ತಿರ ಹೋಗಲು ಹೆದರದ ಕೆಲವರಲ್ಲಿ ಅವನೂ ಒಬ್ಬ. ಅಲ್ಲಿ ಅವನಿಗೆ ಒಂದು ವಿಷಯ ಹೊಳೆಯಿತು. ಕರಿಯ ಪರದೆಯ ಮೇಲೆ ಹಸಿರಾಗಿ ಬೆಳಗುವ ಅಕ್ಷರ, ಕಾಗದದ ಮೇಲಿನ ಶಾಯಿಗಿಂತ ಅಮ್ಮನಿಗೆ ಸುಲಭವಾಗಿ ಕಾಣಬಹುದು. ಬೇಕಾದಷ್ಟು ದೊಡ್ಡದು ಮಾಡಬಹುದು. ರಿಚಿ ಸ್ಟ್ರೀಟಿನಲ್ಲಿ ಬಿಡಿ ಭಾಗಗಳನ್ನು ಒಂದೊಂದಾಗಿ ಕೊಂಡು, ಸಂಕ್ರಾಂತಿಯ ಹೊತ್ತಿಗೆ ನಮ್ಮ ಮಹಡಿ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಜೋಡಿಸಿ ನಿಲ್ಲಿಸಿದ. ಅದಕ್ಕೆ ಕನ್ನಡ ಬರುತ್ತಿರಲಿಲ್ಲ, ನನ್ನ ಹಾಗೆಯೇ. ಅಣ್ಣ ಕುಳಿತು ಕಲಿಸಿದ. ಒಂದೊಂದು ಅಕ್ಷರಕ್ಕೂ ಎಲ್ಲೆಲ್ಲಿ ಚುಕ್ಕಿ ಬೀಳಬೇಕೆಂದು ಗ್ರಾಫ್ ಕಾಗದದಲ್ಲಿ ಗುರುತು ಹಾಕಿದ. ಅವನ ‘ಕ’ ನೋಡಿ ಅಮ್ಮ ತಲೆ ಓರೆ ಮಾಡಿ, “ಇದೇನೋ ಹೊಟ್ಟೆನೋವು ಬಂದ ಹಾಗೆ ಬಗ್ಗಿದೆ” ಎಂದು, ತಾನೇ ನೆಲದ ಮೇಲೆ ರಂಗೋಲಿಯ ಚುಕ್ಕಿಯಿಟ್ಟು ತೋರಿಸಿದಳು.

ಭಾನುವಾರ ಅಣ್ಣ ಪತ್ರಿಕೆಯಿಂದ ಪುಟಗಳನ್ನು ಟೈಪು ಮಾಡಿ ಫ್ಲಾಪಿಯಲ್ಲಿ ತುಂಬಿಸುತ್ತಿದ್ದ. ವಾರವಿಡೀ ಅಮ್ಮ ಮಧ್ಯಾಹ್ನ ಕುಳಿತು ಓದುತ್ತಿದ್ದಳು. ಪುಟ ತಿರುಗಿಸುವ ಕೀಲಿ ಗೊತ್ತಾಗಲೆಂದು ಅದಕ್ಕೆ ನಾನು ಒಂದು ಸ್ಟಿಕರ್ ಬೊಟ್ಟು ಅಂಟಿಸಿದ್ದೆ. ಅಮ್ಮ ಅದನ್ನು ಬೆರಳಿನಿಂದ ತಡವಿ ಒತ್ತುವಳು. ಅಕ್ಷರಗಳು ಚುಕ್ಕಿ ಚುಕ್ಕಿಯಾಗಿ, ಸೋರುವ ನಲ್ಲಿಯಿಂದ ಹನಿ ಬಿದ್ದ ಹಾಗೆ ಇಳಿಯತೊಡಗುತ್ತಿದ್ದವು. ಪರದೆ ತುಂಬುವಷ್ಟರಲ್ಲಿ ಅಮ್ಮ ಎದ್ದು ಹೋಗಿ ಹಾಲು ಕಾಯಿಸಿ ಬರಬಹುದಿತ್ತು. ಅವಳಿಗೆ ಅದರಿಂದ ಬೇಜಾರಿರಲಿಲ್ಲ. ಅಣ್ಣನಿಗಿತ್ತು.

ನಮ್ಮಣ್ಣನಿಗೆ ಕಾಯುವುದು ಬರುವುದಿಲ್ಲ. ಚಿಕ್ಕಂದಿನಲ್ಲಿ ಅವನು ಹಿತ್ತಲಲ್ಲಿ ಹುರುಳಿಕಾಯಿ ಬೀಜ ನೆಟ್ಟು, ಬೇರು ಬಂತೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಕಿತ್ತು ನೋಡಿ ಮತ್ತೆ ನೆಡುತ್ತಿದ್ದ. ಈ ಯಂತ್ರದ ಎದುರು ನಿಂತು ಹನಿ ಹನಿಯಾಗಿ ಇಳಿಯುವ ಅಕ್ಷರಗಳನ್ನು ನೋಡುವಾಗಲೂ ಅವನ ಮುಖ ಹಾಗೆಯೇ ಇರುತ್ತಿತ್ತು. ಒಂದು ದಿನ ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ ಸಿಡುಕಿದ: “ಅವಳಿಗಿರೋ ಟೈಮೇ ಇಷ್ಟು. ಅದರಲ್ಲಿ ಅರ್ಧ ಈ ಶನಿ ತಿಂತಾ ಇದೆ.”

ಯಂತ್ರದ ಒಳಗಿನ ದೊಡ್ಡ ಹಲಗೆಗೆ, ಅಂದರೆ ಮದರ್‌ಬೋರ್ಡಿಗೆ, ಒಂದು ಹರಳು ಇರುತ್ತದೆ. ಕ್ರಿಸ್ಟಲ್ ಎನ್ನುತ್ತಾರೆ. ತಗಡಿನ ಪುಟ್ಟ ಡಬ್ಬಿಯೊಳಗೆ ಅದು ಕಂಪಿಸುವ ವೇಗಕ್ಕೇ ಇಡೀ ಯಂತ್ರ ಹೆಜ್ಜೆ ಹಾಕುವುದು. ಹಳೆಯ ಹರಳು ಕಿತ್ತು ವೇಗದ್ದನ್ನು ಬೆಸೆದರೆ ಯಂತ್ರವೂ ವೇಗವಾಗಿ ಓಡುತ್ತದೆ. ತಯಾರಿಸಿದವರು ಬೇಡವೆಂದೇ ಹೇಳಿರುತ್ತಾರೆ. ಯುಗಾದಿ ಕಳೆದ ಮೇಲೆ ಅಣ್ಣ ಅದನ್ನೇ ಮಾಡಿದ.

ಸುಳ್ಳೇಕೆ ಹೇಳಲಿ, ಅದು ಚೆನ್ನಾಗಿಯೇ ಓಡಿತು. ಹನಿಯುತ್ತಿದ್ದ ಅಕ್ಷರ ಸುರಿಯತೊಡಗಿತು. ಅಮ್ಮ ಬೊಟ್ಟು ಒತ್ತಿ ತಲೆ ಓರೆ ಮಾಡುವಷ್ಟರಲ್ಲಿ ಪುಟ ಸಿದ್ಧ. ಯಂತ್ರದೊಳಗಿನ ಗಡಿಯಾರವೂ ಆ ಹರಳನ್ನೇ ನಂಬಿಕೊಂಡದ್ದು, ಆದ್ದರಿಂದ ಅದೂ ಓಡತೊಡಗಿತು. ಗೋಡೆಯ ಗಡಿಯಾರ ಮೂರು ಹೊಡೆದರೆ ಇದು ಸಂಜೆಯಾಯಿತೆನ್ನುತ್ತಿತ್ತು. ಅಣ್ಣ ಓದಿ ಹೇಳಿ ನಗುತ್ತಿದ್ದ. ಅಮ್ಮ, “ಅಷ್ಟು ಓಡಿಸ್ಬೇಡ ಕಣೋ, ಅದಕ್ಕೂ ದಣಿವಾಗಲ್ವಾ” ಎಂದಳು. ಅಣ್ಣ ಕೇಳಿಸಿಕೊಳ್ಳಲಿಲ್ಲ. ಇನ್ನೂ ವೇಗದ ಹರಳೊಂದನ್ನು ತಂದು ಬೆಸೆದ.

ಮೇ ತಿಂಗಳ ಮದ್ರಾಸು ನಿಮಗೆ ಗೊತ್ತಿರಬಹುದು. ಕತ್ತರಿ ಬಿಸಿಲು ಎನ್ನುತ್ತಾರೆ ಇಲ್ಲಿ. ತಾರಸಿಯ ಕೆಳಗಿನ ನಮ್ಮ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ಬಡಿಸುತ್ತಿತ್ತು. ಅಂಥ ಒಂದು ಮಧ್ಯಾಹ್ನ ಅಮ್ಮ ಧಾರಾವಾಹಿಯೊಂದರ ಹೊಸ ಕಂತು ಓದುತ್ತಿದ್ದಳು. ಪದ್ಮಾ ಎಂಬ ಹುಡುಗಿ ರೈಲಿನಿಂದ ಇಳಿದಿದ್ದಾಳೆ, ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ. ಅಮ್ಮ ಬೊಟ್ಟು ಒತ್ತಿದಳು. ಪರದೆ ಒಮ್ಮೆ ಅದುರಿ ಕಪ್ಪಾಯಿತು.

ಸಂಜೆ ಅಣ್ಣ ಬಂದು ಸ್ವಿಚ್ ಆರಿಸಿ ಹಾಕಿದ. ಒಳಗೆ ಫ್ಯಾನಿನ ಸದ್ದು ಬಂತು. ಶುರುವಾಗುವಾಗ ಕೇಳುತ್ತಿದ್ದ ‘ಪೀಂ’ ಶಬ್ದ ಬರಲಿಲ್ಲ. ಮತ್ತೆ ಹಾಕಿದ. ಇಲ್ಲ.

“ಸೆತ್ತುಪೋಚ್ಚು,” ಎಂದ. ಸತ್ತುಹೋಯಿತು ಎಂದು.

“ಮನೇಲಿ ಅಂಥ ಮಾತಾಡ್ಬೇಡ,” ಅಮ್ಮ ಒಳಗಿನಿಂದ ಅಂದಳು. “ಬಿಸಿಲಿಗೆ ಮಲಗಿದೆ. ನಾಳೆ ಏಳುತ್ತೆ.”

ನಾಳೆ ಏಳಲಿಲ್ಲ. ಅಣ್ಣ ವೇಗದ ಹರಳನ್ನು ಕಿತ್ತು, ಮೊದಲಿದ್ದ ನಿಧಾನದ ಹರಳನ್ನೇ ಮತ್ತೆ ಬೆಸೆದ. ಆಗಲೂ ಏಳಲಿಲ್ಲ.

ನಾನು ಅಡ್ಯಾರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕಂಪ್ಯೂಟರ್ ಬಗ್ಗೆ ಅಣ್ಣನಷ್ಟು ತಿಳಿಯದಿದ್ದರೂ, ಕೆಟ್ಟ ಉಪಕರಣವನ್ನು ಹೇಗೆ ಹುಡುಕಬೇಕೆಂದು ತಿಳಿದಿತ್ತು. ಹುಡುಗಿಯರು ಕೆಡಿಸುತ್ತಿದ್ದರು, ನಾನು ಸರಿಮಾಡುತ್ತಿದ್ದೆ. ರಜೆ ಬೇರೆ. ಇಬ್ಬರೂ ಸೇರಿ ಕುಳಿತೆವು. ಮೊದಲು ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿದೆವು. ಬರುತ್ತಿತ್ತು. ಹಲಗೆಗೆ ಸಿಕ್ಕಿಸಿದ್ದ ಕಾರ್ಡುಗಳನ್ನು ಒಂದೊಂದಾಗಿ ತೆಗೆದು, ತೆಗೆದಾಗಲೆಲ್ಲ ಸ್ವಿಚ್ ಹಾಕಿ ಕಿವಿಗೊಟ್ಟೆವು. ಸದ್ದಿಲ್ಲ. ಚಿಪ್ಪುಗಳನ್ನು ಎತ್ತಿ, ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆವು. ಬಿಸಿಗೆ ಸುಟ್ಟಿರಬೇಕೆಂದು ಅಣ್ಣ ಹೊಸ ಪ್ರೊಸೆಸರ್ ಚಿಪ್ಪು ತಂದ. ಅದೂ ಸುಮ್ಮನೆ ಕುಳಿತಿತು. ಅಣ್ಣ ಊಟ ಕಡಿಮೆ ಮಾಡಿದ. ಅಮ್ಮನ ಎದುರು ಬರುವುದನ್ನೂ ಕಡಿಮೆ ಮಾಡಿದ.

ಅಮ್ಮ ಮಾತ್ರ ದಿನಾ ಕೇಳುತ್ತಿದ್ದಳು. “ಏನೋ ರಘು, ಆ ಪದ್ಮಾ ಇನ್ನೂ ಪ್ಲಾಟ್‌ಫಾರಮ್ಮಲ್ಲೇ ನಿಂತಿದಾಳಾ?” ತಮಾಷೆಗೇ ಕೇಳುತ್ತಿದ್ದಳು. ಅಣ್ಣ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ನಾನು ಹಲಗೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದಾಗ ಅಮ್ಮ ಆ ಪತ್ರಿಕೆಯನ್ನೇ ತಂದು ನನ್ನ ಮುಂದಿಟ್ಟಳು.

“ಓದು. ಅವಳನ್ನ ಯಾರಾದ್ರೂ ಬಂದು ಕರ್ಕೊಂಡು ಹೋದ್ರಾ ನೋಡು.”

“ಎನಕ್ಕು ತೆರಿಯಾದೇಮ್ಮಾ,” ಎಂದೆ. ನನಗೆ ಬರುವುದಿಲ್ಲವಲ್ಲಮ್ಮ.

ಬರುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮೊದಲ ಸಲ ಕೇಳಿದವಳ ಹಾಗೆ ತಲೆ ಓರೆ ಮಾಡಿ ನನ್ನನ್ನು ನೋಡಿದಳು. ಆಮೇಲೆ ಪತ್ರಿಕೆ ಮಡಿಸಿ ಹೇಳಿದಳು: “ನಿಮ್ಮ ಕಾಲೇಜಲ್ಲಿ ಹಳೇ ಬೋರ್ಡ್ ಇದ್ರೆ ಕೇಳಿ ತಗೊಂಡ್ಬಾ. ಸೀಮೆಸುಣ್ಣಾನೂ ತಾ.”

“ಯಾಕಮ್ಮ ಈಗ? ಮಷೀನ್ ಸರಿ ಆಗುತ್ತೆ.”

“ಆಗ್ಲಿ. ಆದ್ರೆ ನಂಗೆ ಕಾಣೋವಾಗ್ಲೇ ನಿಂಗೆ ಕಲಿಸ್ಬೇಕು. ಆಮೇಲೆ ನೀನು ತಪ್ಪು ಬರೆದ್ರೂ ನಂಗೆ ಗೊತ್ತಾಗಲ್ಲ.”

ಹೀಗೆ ನನ್ನ ಅಕ್ಷರಾಭ್ಯಾಸ ಶುರುವಾಯಿತು. ಸುರುಳಿ ಸುತ್ತುವ ಹಳೆಯ ಕರಿಬಟ್ಟೆಯ ಬೋರ್ಡೊಂದನ್ನು ತಂದು ಗೋಡೆಗೆ ತೂಗುಹಾಕಿದೆ. ಕರಿಯ ಹಿನ್ನೆಲೆ, ಬಿಳಿಯ ಗೆರೆ. ಅಮ್ಮನಿಗೆ ಅದು ಪರದೆಯಷ್ಟೇ ಚೆನ್ನಾಗಿ ಕಾಣುತ್ತಿತ್ತು. ಅಷ್ಟು ಯಂತ್ರ, ಅಷ್ಟು ಚಿಪ್ಪು, ಅಷ್ಟು ಬೆಸುಗೆ. ಒಂದು ಕರಿಬಟ್ಟೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಣ್ಣ ಸಂಜೆ ಬಂದು ಅದನ್ನು ನೋಡಿ, ನೋಡದವನ ಹಾಗೆ ಒಳಗೆ ಹೋದ.

ಅಮ್ಮ ಕೈಯಾಡಿಸಿ ತೋರಿಸುತ್ತಿದ್ದಳು, ನಾನು ಬರೆಯುತ್ತಿದ್ದೆ, ಅವಳು ಓರೆಗಣ್ಣಿನಲ್ಲಿ ತಿದ್ದುತ್ತಿದ್ದಳು. ತಮಿಳು ಶಾಲೆಯಲ್ಲಿ ಕಲಿತವಳಿಗೆ ಮಹಾಪ್ರಾಣವೆಂದರೆ ಮಹಾ ಸಂಕಟ. ನಾನು ‘ಘ’ ಹೇಳಿದರೆ, “ಬಿಸಿ ತುಪ್ಪ ಬಾಯಿಗೆ ಹಾಕ್ಕೊಂಡ ಹಾಗೆ ಹೇಳೇ” ಎನ್ನುತ್ತಿದ್ದಳು. ಕಾಗುಣಿತದ ಕೊಂಬು ಕೋಡುಗಳಲ್ಲಿ ನಾನು ಸಿಕ್ಕಿಬಿದ್ದು ಒದ್ದಾಡುವಾಗ ಅವಳು ಕುಲುಕುಲು ನಗುತ್ತಿದ್ದಳು. ಮೊದಮೊದಲು ಅಂಗೈಯಷ್ಟು ಅಕ್ಷರ ಬರೆಯುತ್ತಿದ್ದೆ. ಕೆಲವು ದಿನವಾದ ಮೇಲೆ, “ಇಷ್ಟು ಜಿಪುಣತನ ಯಾಕೆ? ದೊಡ್ಡದಾಗಿ ಬರಿ, ಆಗ್ಲೇ ಕೈ ಪಳಗೋದು” ಎಂದಳು. ತಟ್ಟೆಯಷ್ಟು ಬರೆದೆ. ಆಮೇಲೆ, “ಇನ್ನೂ ಕೈಚಾಚಿ ಬರಿ.” ಮೊರದಷ್ಟು ಬರೆದೆ. ಕೈಬರಹ ತಿದ್ದುತ್ತಿದ್ದಾಳೆ, ಎಷ್ಟಾದರೂ ಹಳೇ ಕಾಲದ ಶಿಸ್ತು ಎಂದುಕೊಂಡು ಹೇಳಿದ ಹಾಗೆ ಬರೆಯುತ್ತ ಹೋದೆ.

ಈ ನಡುವೆ ಹಲಗೆಯನ್ನು ಒಂದು ದಿನ ಕಾಲೇಜಿಗೆ ಕೊಂಡೊಯ್ದೆ. ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಇತ್ತು. ಅದರ ಮೊನೆಯನ್ನು ಎಲ್ಲಿಟ್ಟರೆ ಅಲ್ಲಿಯ ಮಿಡಿತವನ್ನು ಅಲೆಯಾಗಿ ತೋರಿಸುತ್ತದೆ. ಅಮ್ಮನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಹಲಗೆಯನ್ನು ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟು, ಕುಲುಕದಂತೆ ಎರಡೂ ಕೈಯಿಂದ ತಬ್ಬಿ ಕುಳಿತಿದ್ದೆ. ಪಕ್ಕದ ಹೆಂಗಸು ಸರಿದು ಜಾಗ ಕೊಟ್ಟು, “ಕೊಳಂದೆ ತೂಂಗುದಾ?” ಎಂದು ಮೆಲ್ಲಗೆ ಕೇಳಿದಳು. ಮಗು ಮಲಗಿದೆಯಾ ಎಂದು. ಹೂಂ ಎಂದು ತಲೆಯಾಡಿಸಿದೆ.

ಲ್ಯಾಬಿನಲ್ಲಿ ಹರಳಿನ ಕಾಲಿಗೆ ಮೊನೆ ಒತ್ತಿದರೆ ಅಲೆ ಚೆನ್ನಾಗಿ ಬಂತು. ಹರಳು ಬದುಕಿತ್ತು. ಪ್ರೊಸೆಸರಿನ ಕಾಲಿಗೆ ಒತ್ತಿದರೆ ಏನೂ ಇಲ್ಲ. ಹಾಗಾದರೆ ಇವೆರಡರ ನಡುವೆ ಮಿಡಿತವನ್ನು ಸಾಗಿಸುವ ಚಿಪ್ಪು ಸತ್ತಿದೆ. ಮನೆಗೆ ಹಾರಿಕೊಂಡು ಬಂದು ಹೇಳಿದೆ. ಅಣ್ಣನ ಮುಖಕ್ಕೆ ಎಷ್ಟೋ ದಿನದ ಮೇಲೆ ಕಳೆ ಬಂತು. ಆದರೆ ಆ ಚಿಪ್ಪು ರಿಚಿ ಸ್ಟ್ರೀಟಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಬೊಂಬಾಯಿಯಿಂದ ಬರಬೇಕು, ಬರುವ ವಾರ ಎಂದರು. ಬರುವ ವಾರ ಹೋಗಿ ಕೇಳಿದರೆ ಬರುವ ವಾರ ಎಂದರು. ಕತ್ತರಿ ಬಿಸಿಲು ಮುಗಿಯಿತು, ಕಾಲೇಜು ತೆರೆಯಿತು. ನನಗೆ ಒತ್ತಕ್ಷರ ಶುರುವಾಯಿತು. ಕೊನೆಗೆ ಚಿಪ್ಪು ಬಂತು, ಅಣ್ಣ ಕೂರಿಸಿದ, ಸ್ವಿಚ್ ಹಾಕಿದ.

ಇಲ್ಲ.

ಅಣ್ಣ ಕುರ್ಚಿಯಿಂದ ಎದ್ದು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ. ತಲೆಗೂದಲಲ್ಲಿ ಎರಡೂ ಕೈ. “ನಿಧಾನವಾಗಾದ್ರೂ ಓದ್ಕೊಂಡಿದ್ಲು ವಿಜಿ. ನಿಧಾನವಾಗಾದ್ರೂ ಓದ್ಕೊಂಡಿದ್ಲು.” ನಾನೂ ಪಕ್ಕದಲ್ಲಿ ಹೋಗಿ ಕುಳಿತೆ. ಚಿಕ್ಕಂದಿನಲ್ಲಿ ಅಪ್ಪ ಬೈದಾಗ ಹೀಗೆಯೇ ಇಬ್ಬರೂ ಗೋಡೆಗೊರಗಿ ಕೂರುತ್ತಿದ್ದೆವು. ಆಗ ಪೆಟ್ಟು ತಿಂದವನು ಅವನಾದರೂ ಅಳುತ್ತಿದ್ದವಳು ನಾನು.

ಮರುದಿನ ಮತ್ತೆ ಹಲಗೆ ಹೊತ್ತು ಲ್ಯಾಬಿಗೆ ಹೋದೆ. ಹುಡುಗಿಯರು ಹೋದ ಮೇಲೆ ಬಾಗಿಲು ಹಾಕಿಕೊಂಡು, ಹರಳಿನ ಕಾಲಿಗೆ ಮೊನೆ ಒತ್ತಿದೆ. ಅಲೆ ಬಂತು. ಬೇಸರದಲ್ಲಿ ಕೈ ಸಡಿಲಾಯಿತು. ಮೊನೆ ಇನ್ನೂ ಕಾಲಿಗೆ ತಾಗಿಕೊಂಡೇ ಇತ್ತು, ಆದರೆ ಅಲೆ ಹೋಯಿತು. ಒತ್ತಿದೆ, ಬಂತು. ಸಡಿಲಿಸಿದೆ, ಹೋಯಿತು. ನಾವು ಪರೀಕ್ಷೆ ಮಾಡುವಾಗಲೆಲ್ಲ ಒತ್ತಿ ಹಿಡಿದು ಅದನ್ನು ಬದುಕಿಸುತ್ತಿದ್ದೆವು. ಕೈ ತೆಗೆದೊಡನೆ ಅದು ಸುಮ್ಮನಾಗುತ್ತಿತ್ತು.

ಅಮ್ಮನ ಭೂತಗನ್ನಡಿಯನ್ನು ತಂದಿದ್ದೆ. ಅವಳಿಗೆ ಈಗ ಅದರಿಂದ ಉಪಯೋಗವಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಹರಳಿನ ಕಾಲಿನ ಬುಡದಲ್ಲಿ, ಮತ್ತೆ ಮತ್ತೆ ಕಿತ್ತು ಬೆಸೆದ ಕಾವಿಗೆ, ತಾಮ್ರದ ಗೆರೆ ಹಲಗೆಯಿಂದ ಮೇಲೆದ್ದಿತ್ತು. ಅದರಲ್ಲಿ ತಲೆಗೂದಲಿಗಿಂತ ಸಣ್ಣ ಬಿರುಕು. ಯಾವ ಚಿಪ್ಪೂ ಸತ್ತಿರಲಿಲ್ಲ. ಒಂದು ಎಳೆ ತಂತಿ ಬೆಸೆದರೆ ಮುಗಿಯುವ ಕೆಲಸಕ್ಕೆ ನಾವು ಬೇಸಿಗೆಯೆಲ್ಲ ಹುಡುಕಿದ್ದೆವು.

ಮುಂದಿನ ಭಾನುವಾರ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ ಬಂದು ಆ ತಂತಿ ಬೆಸೆದ. ವೇಗದ ಹರಳಿನ ಮಾತು ಎತ್ತಲಿಲ್ಲ. ಸ್ವಿಚ್ ಹಾಕಿದ. ‘ಪೀಂ’ ಎಂದಿತು.

“ಅಮ್ಮಾ! ಬಾಮ್ಮಾ! ಬಂದ್ಬಿಡ್ತು!” ಅಣ್ಣ ಮಗುವಿನ ಹಾಗೆ ಕಿರುಚಿದ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದು, ಕುರ್ಚಿಯನ್ನು ತಾನೇ ಎಳೆದುಕೊಂಡು ಕುಳಿತಳು. ಅಣ್ಣ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ಫ್ಲಾಪಿ ಹಾಕಿ, ಯಂತ್ರದ ಹಿಂದಕ್ಕೆ ಹೋಗಿ, ಮುಚ್ಚಳವಿಲ್ಲದ ಹಲಗೆಯ ಮೇಲೆ ಅಂಗೈ ಆಡಿಸಿ ಬಿಸಿ ನೋಡುತ್ತ ನಿಂತ. ಅವನಿಗೆ ಪರದೆ ಕಾಣುತ್ತಿರಲಿಲ್ಲ. ನಾನು ಅಮ್ಮನ ಹಿಂದೆ ಇದ್ದೆ.

ಹಸಿರು ಅಕ್ಷರಗಳು ಮೊದಲಿನ ಹಾಗೆಯೇ ಹನಿ ಹನಿಯಾಗಿ ಇಳಿದವು. ಅಮ್ಮ ಪರದೆ ತುಂಬುವಷ್ಟು ಹೊತ್ತು ಕಾದು, ತಲೆ ಓರೆ ಮಾಡಿ ಓದಿದಳು: “ಪದ್ಮಾ ರೈಲಿನಿಂದ ಇಳಿದಾಗ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು...”

ಅಣ್ಣ ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದ.

ನಾನು ಪರದೆ ನೋಡಿದೆ. ಅದರ ಮೇಲಿದ್ದದ್ದು ‘ಮಲ್ಲಿಗೆ ಗಿಡಕ್ಕೆ ಮಣ್ಣು ಹದಮಾಡುವ ಬಗೆ’. ಒಂದೊಂದೇ ಅಕ್ಷರ ಕೂಡಿಸಿ ಎರಡು ಸಲ ಓದಿದೆ. ನನ್ನ ಓದಿನಲ್ಲೇ ತಪ್ಪಿರಬೇಕೆಂದುಕೊಂಡು ಮೂರನೇ ಸಲವೂ ಓದಿದೆ. ಪದ್ಮಾ ಅಲ್ಲೆಲ್ಲೂ ಇರಲಿಲ್ಲ. ಮೊರದಷ್ಟು ದೊಡ್ಡ ಅಕ್ಷರ ಬರೆಸಿಕೊಂಡದ್ದು ನನ್ನ ಕೈ ಪಳಗಲೆಂದಲ್ಲ ಎಂದು ಆಗ ತಿಳಿಯಿತು. ಯಂತ್ರ ಕೆಡುವ ಮುಂಚೆ ಓದಿದ್ದ ಒಂದು ಪುಟವನ್ನು ಅಮ್ಮ ನೆನಪಿನಿಂದ ಹೇಳುತ್ತಿದ್ದಳು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತ, ಬೆರಳಿನಿಂದ ಬೊಟ್ಟು ತಡವುತ್ತ.

“ಸಾಕಮ್ಮ, ಮೊದಲನೇ ದಿನ. ಬೋರ್ಡ್ ಬಿಸಿ ಆಗುತ್ತೆ,” ಎಂದು ನಾನು ಸ್ವಿಚ್ ಆರಿಸಿದೆ.

“ಚೆನ್ನಾಗಿ ಕಾಣುತ್ತೆ ಕಣೋ ರಘು,” ಎಂದಳು ಅಮ್ಮ.

ಮರುದಿನ ನನಗೆ ಮಧ್ಯಾಹ್ನವೇ ಬಿಡುವಾಗಿತ್ತು. ಅಣ್ಣ ಆಫೀಸಿಗೆ ಹೋಗಿದ್ದ. ಅಮ್ಮ ಬಾಳೆಕಾಯಿ ಹೆಚ್ಚುತ್ತ ತಲೆ ಎತ್ತದೆ ಕೇಳಿದಳು: “ನಿನ್ನೆ ಅದರಲ್ಲಿ ಏನಿತ್ತೇ?”

“ಮಲ್ಲಿಗೆ ಗಿಡ,” ಎಂದೆ.

“ಅಯ್ಯೋ.” ಇನ್ನೊಂದು ಬಾಳೆಕಾಯಿ ಎತ್ತಿಕೊಂಡಳು. “ನೀನು ಓದಿಬಿಟ್ಯಾ ಹಾಗಾದ್ರೆ. ಕಲ್ತುಬಿಟ್ಟೆ.” ಆಮೇಲೆ ದನಿ ತಗ್ಗಿಸಿ, “ಅವನಿಗೆ ಹೇಳ್ಬೇಡ. ಪಾಪ, ಅಷ್ಟು ಒದ್ದಾಡಿ ಎಬ್ಬಿಸಿದಾನೆ” ಎಂದಳು.

ಹೇಳಲಿಲ್ಲ. ಅಣ್ಣ ಮೊದಲಿನ ಹಾಗೆ ಭಾನುವಾರ ಭಾನುವಾರ ಟೈಪು ಮಾಡುತ್ತಿದ್ದ. ನಾನು ಕಾಲೇಜಿನಿಂದ ಬಂದು, ಅವನು ಬರುವ ಮುಂಚೆ, ಪರದೆಯ ಮುಂದೆ ಕುಳಿತು ಅಮ್ಮನಿಗೆ ಓದುತ್ತಿದ್ದೆ. ಅಣ್ಣ ಓದುವುದು ಬೇಡವೆಂದಿದ್ದವಳು ನನ್ನದನ್ನು ಬೇಡವೆನ್ನಲಿಲ್ಲ. ನಾನು ಅಷ್ಟು ನಿಧಾನಕ್ಕೆ, ಅಷ್ಟು ತಪ್ಪುತಪ್ಪಾಗಿ ಓದುತ್ತಿದ್ದೆನಲ್ಲ, ತಿದ್ದುತ್ತ ತಿದ್ದುತ್ತ ಅದು ಅವಳದೇ ಓದಾಗುತ್ತಿತ್ತೋ ಏನೋ. ಪದ್ಮಾಳನ್ನು ಅವಳ ಚಿಕ್ಕಪ್ಪ ಬಂದು ಕರೆದುಕೊಂಡು ಹೋದ. ಸಂಜೆ ಅಣ್ಣ, “ಓದಿದ್ಯಾ ಅಮ್ಮ?” ಎಂದು ಕೇಳಿದರೆ ಅಮ್ಮ ಕತೆಯನ್ನೆಲ್ಲ ಹೇಳುತ್ತಿದ್ದಳು.

ನವರಾತ್ರಿ ಕಳೆದ ಮೇಲೆ ಒಂದು ಸಂಜೆ ಯಂತ್ರ ಹಾಕಿ ಕುಳಿತೆ. ಅಕ್ಷರ ಇಳಿಯತೊಡಗಿತು. ನಾನು ಓದಲು ಹೋಗಿ ಮೊದಲ ಪದದಲ್ಲೇ ಎಡವಿದೆ.

“ಯಾಕೆ ತಡವರಿಸ್ತೀಯ?”

“ಅಕ್ಷರ ಚಿಕ್ಕದಾಗಿದೆ ಅಮ್ಮ. ಪುಸ್ತಕದಲ್ಲಿ ಇರುತ್ತಲ್ಲ, ಹೆಚ್ಚುಕಡಿಮೆ ಅಷ್ಟು. ಒಂದೇ ಪುಟದಲ್ಲಿ ತುಂಬ ಸಾಲು ಬಂದಿದೆ.”

ಅಮ್ಮ ಪರದೆಯ ಕಡೆ ತಿರುಗಿದಳು. ಹಸಿರು ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ದೊಡ್ಡ ಅಕ್ಷರ ಅವಳಿಗಾಗಿ ಮಾಡಿದ್ದು. ಇಷ್ಟು ಸಣ್ಣ ಅಕ್ಷರ ಅವಳಿಗಾಗಿ ಯಾರೂ ಮಾಡುವುದಿಲ್ಲ. ಅಣ್ಣನಿಗೆ ಹೇಗೆ, ಯಾವತ್ತು ತಿಳಿಯಿತೋ. ಆ ಭಾನುವಾರವೇ ಫ್ಲಾಪಿ ಹೊರಗೆ ತೆಗೆದು ಅದರ ಮೇಲೆ ಬರೆದದ್ದನ್ನು ಓದಿದಾಗಲೋ, ಆಮೇಲೋ. ಅವನು ಕೊನೆಯವರೆಗೂ ಹೇಳಲಿಲ್ಲ, ನಾವು ಕೇಳಲಿಲ್ಲ.

“ಅವನಿಗೂ ಗೊತ್ತಾಗಿದೆ ಹಾಗಾದ್ರೆ,” ಎಂದಳು ಅಮ್ಮ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, “ಇರ್ಲಿ. ನೀನು ಓದು” ಎಂದಳು.

ನಾನು ಪರದೆಯ ಹತ್ತಿರ ಬಾಗಿ ಓದಿದೆ. “ಬೇಸಿಗೆಯಲ್ಲಿ ದಣಿದು ಬಂದವರು ವರದ ನೆರಳಿನಲ್ಲಿ ಕೂರುತ್ತಾರೆ.”

“ವರದ ನೆರಳೇ?” ಅಮ್ಮ ನಕ್ಕಳು. “ವರ ಸಿಕ್ಕಿದ ಮೇಲೆ ನೆರಳು ಎಲ್ಲಿ ಬರ್ಬೇಕು? ಬರೀ ಬಿಸಿಲೇ. ಅದು ‘ವ’ ಅಲ್ಲ. ಪಕ್ಕದಲ್ಲಿ ಒಂದು ಬಾಲ ಇರ್ಬೇಕು, ಸರಿಯಾಗಿ ನೋಡು.”

ನೋಡಿದೆ. ಬಾಲ ಇತ್ತು.